ಕುರಿ ದಾಟದ ಮಳೆಗಾಲ

ಹೋದ ವಾರ ಇಚಲಕರಂಜಿಗೆ ಹೋಗಿದ್ದೆ. ಕಬನೂರ ರಸ್ತೆಯ ಒಂದು ನೂಲಿನ ಗೋದಾಮಿಗೆ ಟೈಪ್ ಮಾಡಿದ ಕಾಗದ ಮುಟ್ಟಿಸಬೇಕಿತ್ತು. ಮಳೆ ಆಗಷ್ಟೇ ನಿಂತಿತ್ತು. ಒಬ್ಬ ಹೆಣ್ಣುಮಗಳು ಅಂಗಳಕ್ಕೆ ಫಿನೈಲ್ ನೀರು ಚೆಲ್ಲಿ ಕಸಬರಿಗೆಯಿಂದ ತಿಕ್ಕುತ್ತಿದ್ದಳು. ಒಳಗಿನಿಂದ ಮಗ್ಗಗಳ ಖಟಖಟ. ಬೇರೆಯವರಿಗೆ ಫಿನೈಲ್ ಅಂದರೆ ತೊಳೆದ ನೆಲದ ವಾಸನೆ, ಆಸ್ಪತ್ರೆಯ ವಾಸನೆ. ನನಗೆ ಅದು ಕೊಳೆತ ಗೊರಸಿನ ವಾಸನೆ. ಕಾಗದ ಕೊಟ್ಟವನೇ ಹೊರಗೆ ಬಂದು ರಸ್ತೆಯಲ್ಲಿ ನಿಂತುಬಿಟ್ಟೆ. ಗುಮಾಸ್ತ ಹಿಂದಿನಿಂದ ಕೂಗಿದ, ‘ಅಹೋ, ಚಹಾ ಕುಡದ ಹೋಗ್ರಿ!’ ನಾನು ತಿರುಗಿ ನೋಡದೆ ನಡೆದೆ.

ಅದೇ ವಾರ ನಮ್ಮ ಕೊಲ್ಹಾಪುರದ ವಾಚನಾಲಯದ ಗೆಳೆಯರು ಒಂದು ಬರಹ ಕೇಳಿದ್ದರು. ಈ ವರ್ಷ ದಿಲ್ಲಿಯಲ್ಲಿ ದೇಶದೇಶಗಳ ಸಂಸತ್ ಸದಸ್ಯರು ಸೇರಲಿದ್ದಾರೆ. ಅಂಥ ಕೂಟಗಳಿಂದ ಶಾಂತಿ ಹೇಗೆ ಬರುತ್ತದೆ, ಪ್ರಜಾಪ್ರಭುತ್ವ ಹೇಗೆ ಬಲಿಯುತ್ತದೆ ಅನ್ನುವುದನ್ನು ನಾಲ್ಕು ಪುಟದಲ್ಲಿ ಬರೆದುಕೊಡು, ಆ ಹುಚ್ಚು ಇರುವವನು ನೀನೊಬ್ಬನೇ ಅಂದರು. ಹುಚ್ಚು ಇರುವುದು ನಿಜ. ಆದರೆ ಬರೆಯಲು ಕೂತರೆ ದಿಲ್ಲಿ ಬರುತ್ತಿಲ್ಲ, ಹಿರಣ್ಯಕೇಶಿ ಹೊಳೆ ಬರುತ್ತಿದೆ. ಅದರ ದಂಡೆಯ ಎರಡು ಊರು ಬರುತ್ತಿವೆ. ಮಹಾರಾಷ್ಟ್ರ ರಾಜ್ಯವಾದ ಮಾರನೆಯ ವರ್ಷದ ಮಳೆಗಾಲ ಬರುತ್ತಿದೆ. ಬಂದದ್ದನ್ನೇ ಬರೆಯುತ್ತೇನೆ. ಗೆಳೆಯರು ಬೇಕಾದರೆ ಇಟ್ಟುಕೊಳ್ಳಲಿ, ಇಲ್ಲವಾದರೆ ಬಿಡಲಿ.

ಆಗ ನನಗೆ ಹತ್ತೊಂಬತ್ತು. ಮ್ಯಾಟ್ರಿಕ್‌ನಲ್ಲಿ ಗಣಿತ ಕೈಕೊಟ್ಟಿತ್ತು. ಗಡಹಿಂಗ್ಲಜದ ಪೇಟೆಯಲ್ಲಿ ಕಾಕಾನ ಮೆಣಸಿನಕಾಯಿ ಅಡತಿ, ಅಂದರೆ ದಲ್ಲಾಳಿ ಅಂಗಡಿ. ಅಲ್ಲಿ ಕೂತಿದ್ದೆ. ಅಂಗಡಿಯ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಒಂದು ಇಂಗ್ಲಿಷ್ ಟೈಪ್‌ರೈಟರ್ ಇತ್ತು. ಯಾರೂ ಕಲಿಸಲಿಲ್ಲ. ಎರಡು ಬೆರಳಿನಿಂದ ಶುರು ಮಾಡಿ ನಾಲ್ಕಕ್ಕೆ ಬಂದೆ, ಇವತ್ತಿಗೂ ನಾಲ್ಕೇ. ಇಂಗ್ಲಿಷ್ ಕಲಿತದ್ದೂ ಹಾಗೆಯೇ, ಒಂದು ಹರಿದ ಶಬ್ದಕೋಶ ಇಟ್ಟುಕೊಂಡು. ಅಂಗಡಿಯ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋದಾಗಲೆಲ್ಲ ಊಟದ ಹೊತ್ತಿನಲ್ಲಿ ವಾಚನಾಲಯಕ್ಕೆ ನುಗ್ಗುತ್ತಿದ್ದೆ. ಅಲ್ಲಿಯ ಮೇಜಿನ ಮೇಲೆ ಒಂದು ದಿನ ತೆಳ್ಳನೆಯ ಇಂಗ್ಲಿಷ್ ಪುಸ್ತಿಕೆ ಸಿಕ್ಕಿತು. ಬೇರೆ ಬೇರೆ ದೇಶಗಳ ಸಂಸತ್ತಿನ ಸದಸ್ಯರು ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಕೂಡುತ್ತಾರೆ ಅಂತ ಅದರಲ್ಲಿ ಬರೆದಿತ್ತು. ಮಂತ್ರಿಗಳಲ್ಲ, ಸೇನಾಪತಿಗಳಲ್ಲ. ಜನ ಆರಿಸಿ ಕಳಿಸಿದವರು. ಜಗಳವಾಡುವ ಎರಡು ದೇಶಗಳ ಸದಸ್ಯರೂ ಒಂದೇ ಸಾಲಿನಲ್ಲಿ ಕೂತು, ಯುದ್ಧ ಆದ ಮೇಲೆ ಆಡುವ ಮಾತನ್ನು ಯುದ್ಧಕ್ಕೆ ಮೊದಲೇ ಆಡುತ್ತಾರೆ. ನನಗೆ ಮೈ ಜುಮ್ಮೆಂದಿತು. ಹೌದಲ್ಲ, ಇಷ್ಟು ಸರಳ! ಹಿಂದೆ ಅಚ್ಚಾಗಿದ್ದ ವಿಳಾಸಕ್ಕೆ ಪತ್ರ ಹಾಕಿದೆ. ಎರಡು ತಿಂಗಳಿಗೆ ವಿದೇಶಿ ಅಂಚೆಚೀಟಿಯ ಲಕೋಟೆ ಬಂತು. ಒಳಗೆ ಅದೇ ಪುಸ್ತಿಕೆಯ ಒಂದು ಪ್ರತಿ. ನನ್ನ ಹೆಸರಿಗೆ!

ಆ ಮೇಲೆ ಪೇಟೆಯಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಚೀಲ ಹೊರುವ ರಾಮು ದಿನವೂ ಬಂದು ಕೆಣಕುತ್ತಿದ್ದ.

‘ಏನ್ರಿ ಪಾರ್ಲಿಮೆಂಟ್ ಸಾವಕಾರ್ರ, ಇವತ್ತ ಯಾ ದೇಶದ ಜಗಳಾ ಬಗೀಹರೀತು?’

‘ಇನ್ನಾ ಯಾವ್ದೂ ಇಲ್ಲೋ. ಮಾತು ನಡದೈತಿ.’

‘ಮಾತು ನಡೀಲಿ ಬಿಡ್ರಿ. ಅಷ್ಟರಾಗ ಈ ಚೀಲಕ್ಕ ಒಂದ ಕೈ ಹಚ್ಚ್ರಿ. ಇದಾದ್ರೂ ಬಗೀಹರೀಲಿ.’

ಇಂಥ ಹೊತ್ತಿನಲ್ಲಿ, ಮುಂಗಾರಿನ ಮೊದಲ ಮಿರಗದ ಮಳೆ ಹಿಡಿದ ವಾರ, ಭರಮಪ್ಪ ಮಾಮಾ ಅಂಗಡಿಗೆ ಬಂದ. ಸಂಬಂಧದ ಮಾಮಾ ಅಲ್ಲ. ನಮ್ಮೂರು ನಾಗರಹಟ್ಟಿಯಲ್ಲಿ ಕಾಕಾನ ಹೊಲವಿತ್ತು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಆ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದವನು ಅವನು. ನಾನು ನಡೆಯಲು ಕಲಿತದ್ದೇ ಅವನ ಕುರಿಮರಿಗಳ ಬಾಲ ಹಿಡಿದು ಅಂತ ಅವನ ಹೆಂಡತಿ ಮಾಯವ್ವ ಹೇಳುತ್ತಿದ್ದಳು. ಅವನ ಹಿಂಡಿನಲ್ಲಿ ಆಗ ನೂರಾ ನಲವತ್ತು ತಲೆ. ಮಕ್ಕಳಿರಲಿಲ್ಲ. ಅವೇ ಎಲ್ಲ.

ಮೆಣಸಿನ ಘಾಟಿಗೆ ಸೀನುತ್ತ ಹೊರಗೇ ನಿಂತು ಅಂದ, ‘ಬಸು, ಕಾಕಾ ಅದಾರೇನೋ? ಹೊಸಗುಪ್ಪಿಯವ್ರು ದಾರಿ ಕಟ್ಟ್ಯಾರ.’

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಳೆಯ ಈಚೆ ನಾಗರಹಟ್ಟಿ, ಆಚೆ ಹೊಸಗುಪ್ಪಿ. ಎರಡೂ ಊರಿನ ಮನೆಮಾತು ಕನ್ನಡ, ಸಂತೆಮಾತು ಮರಾಠಿ. ಹೆಣ್ಣು ಕೊಟ್ಟು ತಂದ ಊರುಗಳು. ಮೊದಲು ಎರಡೂ ಮುಂಬಯಿ ರಾಜ್ಯದಲ್ಲೇ ಇದ್ದವು. ಆಮೇಲೆ ಹೊಸಗುಪ್ಪಿ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇಲ್ಲಿ ಉಳಿದೆವು. ಹೊಳೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಗೋಡೆ ಇಲ್ಲ, ತಂತಿ ಇಲ್ಲ, ನಮ್ಮ ದಂಡೆಗೆ ನೆಟ್ಟ ನಾಲ್ಕು ಕಲ್ಲು, ಅಷ್ಟೇ ಗಡಿ.

ಆಜರಾ ಕಡೆಯಿಂದ ಬರುವ ಮಳೆ ನಾಗರಹಟ್ಟಿಯವರೆಗೂ ಹೊಡೆಯುತ್ತದೆ. ಹೊಳೆ ದಾಟಿ ಮೂಡಣಕ್ಕೆ ಎರಡು ಹರದಾರಿ ಹೋದರೆ ಮಳೆ ತೆಳುವಾಗುತ್ತದೆ, ನೆಲ ಗಟ್ಟಿಯಾಗುತ್ತದೆ. ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೇ ಪ್ರತಿವರ್ಷ ಆರಿದ್ರಾ ಮಳೆ ಹುಟ್ಟುವುದರೊಳಗೆ ಭರಮಪ್ಪ ಹೊಳೆ ದಾಟಿ, ಹೊಸಗುಪ್ಪಿಯ ಗಾಯರಾಣ, ಅಂದರೆ ಊರಿನ ಮೇವಿನ ಬಯಲು, ತುಳಿದುಕೊಂಡು ಮೂಡಣದ ಒಣ ನೆಲಕ್ಕೆ ಹೋಗುತ್ತಿದ್ದ. ಬೇರೆ ದಾರಿ ಅಂದರೆ ದೂರದ ಡಾಂಬರು ರಸ್ತೆಯ ಸೇತುವೆ. ಅಲ್ಲಿ ಹೊಸ ತಪಾಸಣೆ ನಾಕಾ ಬಂದಿತ್ತು. ಹಿಂಡಿಗೆ ಪರವಾನಗಿ ಬೇಕು, ಪರವಾನಗಿಗೆ ಆಚೆಯ ಊರಿನ ಒಪ್ಪಿಗೆಪತ್ರ ಬೇಕು. ಸುತ್ತಿ ಬಂದು ಮತ್ತೆ ಹೊಸಗುಪ್ಪಿಯ ಬಾಗಿಲಿಗೇ.

ಹೊಸಗುಪ್ಪಿಯವರು ಕಟ್ಟಿದ್ದಕ್ಕೂ ಕಾರಣವಿತ್ತು. ಆ ಬೇಸಿಗೆಯಲ್ಲಿ ಹೊಳೆ ಬತ್ತಿ ನಮ್ಮ ದಂಡೆಯ ಒಂದು ಮಡುವಿನಲ್ಲಿ ಮಾತ್ರ ನೀರುಳಿದಿತ್ತು. ಅಲ್ಲಿಗೆ ನೀರು ಕುಡಿಯಲು ಬಂದ ಅವರ ದನಗಳನ್ನು ನಮ್ಮ ಪಂಚಾಯತಿಯವರು ಕಾವಲು ಹಾಕಿ ಹೊಡೆದು ಓಡಿಸಿದ್ದರು. ಮಡು ಈಗ ಮಹಾರಾಷ್ಟ್ರದ್ದು ಅಂತ.

ಕಾಕಾ ಎಲ್ಲ ಕೇಳಿ, ‘ಕಂಬಳಿ ಹಾಸಸ್ರಿ ಮತ್ತ’ ಅಂದ.

ಕಂಬಳಿ ಹಾಸುವುದೆಂದರೆ ಅಲ್ಲಿಯ ಹಳೆಯ ರೂಢಿ. ಎರಡು ಊರಿಗೆ ತಕರಾರು ಬಂದರೆ ಗಡಿಕಲ್ಲಿನ ಹತ್ತಿರ ಕರಿಕಂಬಳಿ ಹಾಸುತ್ತಾರೆ. ಅರ್ಧ ಆಚೆ, ಅರ್ಧ ಈಚೆ. ಎರಡೂ ಊರಿನ ಹಿರಿಯರು ಕೂಡುತ್ತಾರೆ. ಯಾರ ವಸ್ತುವಿನ ಮೇಲೆ ಮಾತೋ ಅವನೂ ಕೂಡುತ್ತಾನೆ. ಮೊದಲು ಒಬ್ಬರ ತಕರಾರನ್ನು ಇನ್ನೊಬ್ಬರು ಹೇಳಬೇಕು. ಕೇಳಿದವರು ‘ಹೌದು, ಇದೇ ನಮ್ಮ ಮಾತು’ ಅನ್ನುವ ತನಕ ಹೇಳುತ್ತಲೇ ಇರಬೇಕು. ಎಲ್ಲರೂ ಹೂಂ ಅನ್ನುವವರೆಗೆ ಯಾರೂ ಏಳುವ ಹಾಗಿಲ್ಲ. ಕೆಲವು ಸಲ ಎರಡು ದಿನ ಹಿಡಿಯುತ್ತಿತ್ತು.

ಎರಡು ದಿನ! ನನ್ನ ಪುಸ್ತಿಕೆಯಲ್ಲಿ ಐವತ್ತು ದೇಶಗಳು ಒಂದು ವಾರದಲ್ಲಿ ಮುಗಿಸುತ್ತಿದ್ದವು. ನಾನು ದುಡ್ಡಿನ ಗಲ್ಲೆಯ ಹಿಂದಿನಿಂದ ಎದ್ದು ಬಂದೆ.

‘ಮಾಮಾ, ಕಂಬಳಿ ಬ್ಯಾಡ್ರಿ. ಈಗ ಎರಡೂ ಊರಾಗ ಆರಿಸಿ ಬಂದ ಮೆಂಬರ್ ಅದಾರ. ಅವರನ್ನ ಕೂಡಸೂಣು. ಕುರ್ಚಿ ಮ್ಯಾಲ. ಪಾರ್ಲಿಮೆಂಟಿನಾಂಗ. ಒಂದ ತಾಸಿನ್ಯಾಗ ಠರಾವು ಆಕ್ಕೈತಿ.’

ಭರಮಪ್ಪ ಕಾಕಾನ ಮುಖ ನೋಡಿದ. ಕಾಕಾ ಅಂದ, ‘ಓದಿದ ಹುಡುಗ ಹೇಳಾಕತ್ತೈತಿ, ನೋಡೂಣಂತ ತಗೊ.’

‘ನಿನ್ನ ಮಾತಿನ ಮ್ಯಾಲ ಬಿಡತೇನಿ ಬಸು,’ ಅಂದ ಭರಮಪ್ಪ. ‘ಆರಿದ್ರಾ ಹುಟ್ಟಾಕ ಇನ್ನ ಎಂಟ ದಿನಾ ಐತಿ.’

ಎಂಟು ದಿನ ನನಗೆ ಬೇಕಾದಷ್ಟಾಯಿತು. ಸೈಕಲ್ ಮೇಲೆ ಎರಡೂ ಊರು ಸುತ್ತಿದೆ. ನಮ್ಮೂರ ಸರಪಂಚ ಪಾಟೀಲರಿಗೆ ವಿಷಯ ಬಹಳ ಹಿಡಿಸಿತು. ‘ಅಗದೀ ದಿಲ್ಲೀಸಾರಖಂ!’ ಅಂದರು, ಥೇಟ್ ದಿಲ್ಲಿಯ ಹಾಗೆ ಅಂತ. ಹೊಸಗುಪ್ಪಿಯಲ್ಲಿ ಸಿದಗೌಡಜ್ಜ ಎನ್ನುವ ಎಪ್ಪತ್ತು ದಾಟಿದ ಹಿರಿಯರು ಪಂಚಾಯತಿಯ ಮುಖ್ಯಸ್ಥರು. ‘ಕಂಬಳಿ ಯಾಕ ಬ್ಯಾಡ?’ ಅಂತ ಒಮ್ಮೆ ಕೇಳಿದರು. ನಾನು ಅರ್ಧ ತಾಸು ಸಂಸತ್ತುಗಳ ಕೂಟದ ಕಥೆ ಹೇಳಿದೆ. ಪೂರ್ತಿ ಕೇಳಿದರು. ‘ಛಲೋ ಐತಿ. ಮಾತಾಡೂದು ಎಲ್ಲಿ ಆದ್ರೇನ, ಬರ್ತೇವಿ’ ಅಂದರು. ಆ ರಾತ್ರಿ ನಾನು ಮಲಗಲಿಲ್ಲ. ಸಭೆಯ ವಿಷಯಪಟ್ಟಿಯನ್ನು ಕಾರ್ಬನ್ ಹಾಕಿ ಮೂರು ಪ್ರತಿ ಟೈಪ್ ಮಾಡಿದೆ. ಇಂಗ್ಲಿಷಿನಲ್ಲಿ. ಯಂತ್ರಕ್ಕೆ ಅದೊಂದೇ ಭಾಷೆ ಬರುತ್ತಿತ್ತು. ಸಭೆಗೆ ಬರುವ ಒಬ್ಬರಿಗೂ ಇಂಗ್ಲಿಷ್ ಬರುವುದಿಲ್ಲ ಅನ್ನುವುದು ನನಗೆ ಒಂದು ತೊಂದರೆ ಅಂತ ಅನ್ನಿಸಲೇ ಇಲ್ಲ.

ಸಭೆ ಸೇರಿದ್ದು ನಾಗರಹಟ್ಟಿಯ ಶಾಲೆಯಲ್ಲಿ, ಅಂದರೆ ನಮ್ಮ ನೆಲದಲ್ಲಿ. ಕುರ್ಚಿಗಳು ಅಲ್ಲಿದ್ದವು, ಅದಕ್ಕೆ. ನಮ್ಮವರು ಏಳು ಜನ. ಮಳೆಯಲ್ಲಿ ಹೊಳೆ ದಾಟಿ ಹೊಸಗುಪ್ಪಿಯ ಐವರು ಬಂದರು. ಸಿದಗೌಡಜ್ಜ ಕುರ್ಚಿಯ ಮೇಲೆ ಕಾಲು ಮಡಚಿ, ನೆಲದ ಮೇಲೆ ಕೂತ ಹಾಗೆಯೇ ಕೂತರು. ಭರಮಪ್ಪ ರುಮಾಲು ಸರಿಮಾಡಿಕೊಂಡು ಒಳಗೆ ಬಂದ. ನಾನು ಅವನನ್ನು ಬಾಗಿಲಲ್ಲೇ ತಡೆದೆ.

‘ಮಾಮಾ, ನೀವು ಮೆಂಬರ್ ಅಲ್ರಿ. ಹೊರಗ ನಿಂತ ಕೇಳ್ರಿ. ಎಲ್ಲಾ ಪಾರ್ಲಿಮೆಂಟಿನ್ಯಾಗೂ ಹಂಗ ಇರತೈತಿ.’

‘ಆತಪಾ,’ ಅಂದು ಅವನು ಚಪ್ಪಲಿಗಳ ನಡುವೆ ನಿಂತ.

ನಾನು ಪಟ್ಟಿ ಓದಿ ಕನ್ನಡದಲ್ಲಿ ಹೇಳಿದೆ. ಒಂದು, ಕುರಿ ದಾಟುವ ವಿಷಯ. ಎರಡು, ದಾರಿ ಎಷ್ಟು ಅಗಲ. ಮೂರು, ಇತರ ವಿಷಯಗಳು. ಪ್ರತಿಯೊಂದಕ್ಕೂ ಇಷ್ಟು ನಿಮಿಷ, ಮುಗಿದರೆ ಗಂಟೆ. ಶಾಲೆಯ ಗಂಟೆಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ಸಿದಗೌಡಜ್ಜ ಮೊದಲು ಮಾತಾಡಿದರು. ‘ನಿಮ್ಮ ಮಾತ ನಾ ಹೇಳ್ತೇನಿ. ಭರಮ್ಯಾನ ಹಿಂಡು ನಮ್ಮ ಗಾಯರಾಣದಾಗ ಹಾದು ಹೋಗೂದು ನಮ್ಮಪ್ಪನ ಕಾಲದಿಂದ ಐತಿ. ಕುರಿಗಿ ಕೆಸರು ಆಗಿಬರೂದಿಲ್ಲ. ತಡದ್ರ ಕಾಲು ಕೊಳೀತಾವು. ಮೂಕಪ್ರಾಣಿ ಸತ್ರ ಅದರ ಪಾಪ ತಡದಾವಗ ತಟ್ಟತೈತಿ. ಇದ ಹೌದಲ್ರಿ ನಿಮ್ಮ ಮಾತು?’

ನಮ್ಮವರು ಯಾರೂ ಉತ್ತರ ಕೊಡಲಿಲ್ಲ. ಇನ್ನೂ ನಮ್ಮ ಸರದಿ ಬಂದಿರಲಿಲ್ಲವಲ್ಲ.

‘ಈಗ ನಮ್ಮ ಮಾತ ನೀವು ಹೇಳ್ರಿ ಪಾಟೀಲರ,’ ಅಂದರು ಅಜ್ಜ.

ಪಾಟೀಲರು ನನ್ನ ಕಡೆ ನೋಡಿದರು. ನಾನು ಪಟ್ಟಿ ನೋಡಿದೆ. ‘ಅಜ್ಜಾ, ಮಡುವಿನ ಮಾತು ಮೂರನೇದರಾಗ ಬರತೈತ್ರಿ. ಈಗ ಒಂದನೇದ ನಡದೈತಿ.’

ಅಜ್ಜ ತಲೆಯಾಡಿಸಿ ಸುಮ್ಮನಾದರು. ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೂತರು. ಒಂದು ನಿಮಿಷ, ಎರಡು, ನಾಲ್ಕು. ಅವರ ಜೊತೆಗೆ ಬಂದವರೂ ಸುಮ್ಮನೆ ಕೂತರು. ಹೊರಗೆ ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಬಳಿಯ ಮೇಲೆ ಹಿರಿಯನೊಬ್ಬ ಹಾಗೆ ಸುಮ್ಮನಾದರೆ ಅವನು ತನ್ನ ಮಾತನ್ನು ಬಿಟ್ಟುಕೊಡಲು ಒಳಗೇ ದಾರಿ ಹುಡುಕುತ್ತಿದ್ದಾನೆ, ಆಗ ಕೆಮ್ಮಬಾರದು ಕೂಡ ಅಂತ ಆ ಸೀಮೆಯ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಗಡಿಯಾರ ಕಂಡಿತೇ ಹೊರತು ಅಜ್ಜ ಕಾಣಲಿಲ್ಲ. ಗಂಟೆ ಬಾರಿಸಿದೆ.

‘ವ್ಯಾಳ್ಯಾ ಮುಗೀತು. ಮತಕ್ಕ ಹಾಕೂಣು. ಕುರಿ ದಾಟಬೇಕು ಅನ್ನಾವ್ರು ಕೈ ಎತ್ತರಿ.’

ನಮ್ಮ ಏಳು ಕೈ ಎದ್ದವು. ಬೇಡ ಅನ್ನುವವರು ಅಂದಾಗ ಆಚೆಯ ಒಬ್ಬ ಹುಡುಗ ಸಿಟ್ಟಿನಿಂದ ಕೈ ಎತ್ತಿದ. ಅವನನ್ನು ನೋಡಿ ಉಳಿದ ಮೂವರು. ಅಜ್ಜನ ಕೈ ಮಾತ್ರ ತಂಬಾಕಿನ ಮೇಲೇ ಇತ್ತು. ನಾನು ಬರೆದುಕೊಂಡೆ: ಪರ ಏಳು, ವಿರೋಧ ನಾಲ್ಕು, ತಟಸ್ಥ ಒಂದು. ‘ಠರಾವು ಪಾಸ್!’ ಅಂದೆ. ನಮ್ಮವರು ಚಪ್ಪಾಳೆ ತಟ್ಟಿದರು.

ಅಜ್ಜ ನಿಧಾನಕ್ಕೆ ಕಾಲು ಬಿಡಿಸಿ ಕುರ್ಚಿಯಿಂದ ಇಳಿದರು. ‘ತಮ್ಮಾ, ಬಯಲು ನಮ್ಮದು, ಕೈ ನಿಮ್ಮವು. ಮೊದಲ ಹೇಳಿದ್ರ ನಾವೂ ಊರಾಗಿನ ಕೂಸುಕುನ್ನಿ ಎಲ್ಲಾ ಕಟಗೊಂಡ ಬರ್ತಿದ್ವಿ’ ಅಂದರು. ನಗಲಿಲ್ಲ. ಐವರೂ ಮಳೆಯಲ್ಲಿ ಇಳಿದು ಹೋದರು. ಮೂರನೆಯ ವಿಷಯ ಬರಲೇ ಇಲ್ಲ.

ಭರಮಪ್ಪ ಅವರ ಹಿಂದೆ ಹೊಳೆಯವರೆಗೆ ಹೋಗಿ ಬಂದ. ನಾನು ಶಾಲೆಯ ಕಟ್ಟೆಯ ಮೇಲೆ ಕೂತು, ಠರಾವನ್ನು ಚೆಂದವಾಗಿ ಟೈಪ್ ಮಾಡುವುದು ಹೇಗೆ ಅಂತ ಯೋಚಿಸುತ್ತಿದ್ದೆ.

‘ಅಜ್ಜ ಹೂಂ ಅನ್ನಾಂವ ಇದ್ನಂತ,’ ಅಂದ ಭರಮಪ್ಪ. ‘ಮಾತು ಬಾಯಿತನಾ ಬಂದಿತ್ತಂತ. ಅಷ್ಟರಾಗ ನೀ ಗಂಟಿ ಬಾರಿಸಿದಿ.’

ಮಾರನೆಯ ದಿನ ಹೊಸಗುಪ್ಪಿಯ ಹುಡುಗರು ಕುರಿದಾರಿಗೆ ಜಾಲಿಮುಳ್ಳು ಕಡಿದು ಒಡ್ಡಿದರು. ಕೈ ಎತ್ತಿ ಸೋಲಿಸಿದ್ದಾರೆ ಅನ್ನುವ ಸಿಟ್ಟು ಊರಿಗೆಲ್ಲ ಹಬ್ಬಿತ್ತು. ಅಜ್ಜನ ಮಾತೂ ನಡೆಯಲಿಲ್ಲ. ಎರಡೂ ಕಡೆ ಪೊಲೀಸರು ಬಂದು ಛತ್ರಿ ಹಿಡಿದು ನಿಂತರು. ಆರಿದ್ರಾ ಹುಟ್ಟಿತು. ಆ ವರ್ಷದ ಮಳೆಯನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಹಗಲು ರಾತ್ರಿ ಒಂದೇ ಬಣ್ಣ. ಕಾಕಾನ ಹೊಲದ ಬದುವಿನ ಮೇಲೆ ಭರಮಪ್ಪನ ಹಿಂಡು ಕೆಸರಿನಲ್ಲಿ ನಿಂತಿತ್ತು. ಮೊದಲು ನಾಲ್ಕು ಕುರಿ ಕುಂಟಿದವು. ವಾರದಲ್ಲಿ ನಲವತ್ತು. ನಾನು ದಿನವೂ ಗಡಹಿಂಗ್ಲಜದಿಂದ ಸೈಕಲ್ಲಿಗೆ ಫಿನೈಲ್ ಬಾಟಲಿ ಕಟ್ಟಿಕೊಂಡು ಹೋಗುತ್ತಿದ್ದೆ. ಮಾಯವ್ವ ಬೋಗುಣಿಯಲ್ಲಿ ನೀರು ಬೆರೆಸಿ ಒಂದೊಂದೇ ಕಾಲು ಅದ್ದುವಳು, ಭರಮಪ್ಪ ಚಾಕುವಿನಿಂದ ಕೊಳೆತದ್ದನ್ನು ಕೆತ್ತುವನು, ನಾನು ಕುರಿಯನ್ನು ಅಪ್ಪಿ ಹಿಡಿಯುವೆ. ಕೆತ್ತಿ ಬಿಟ್ಟ ಕುರಿ ಮತ್ತೆ ಅದೇ ಕೆಸರಿಗೆ. ಕಾಲೂರಲು ಆಗದೆ ಅವು ಮುಂಗಾಲಿನ ಮೊಣಕಾಲ ಮೇಲೆ ಕೂತು ಮೇಯತೊಡಗಿದವು. ನೂರು ಕುರಿ ಮಂಡಿಯೂರಿ ಮೇಯುವುದನ್ನು ನೋಡಿದ್ದೀರಾ? ನೋಡಬೇಡಿ.

ನಾನು ಸುಮ್ಮನೆ ಕೂತಿರಲಿಲ್ಲ. ಕೊಲ್ಹಾಪುರದ ಜಿಲ್ಲಾ ಕಚೇರಿಗೆ ಹೋದೆ. ಮೇಜಿನ ಆಚೆಯ ಸಾಹೇಬರು, ‘ಇದು ಇನ್ನೊಂದು ರಾಜ್ಯದ ವಿಷಯ. ನಾವು ಮುಂಬಯಿಗೆ ಬರೀತೇವೆ, ಮುಂಬಯಿಯವರು ಬೆಂಗಳೂರಿಗೆ ಬರೀತಾರೆ’ ಅಂದರು. ಕುರಿಗೆ ಎಷ್ಟು ದಿನ ಇದೆ ಅಂತ ಕೇಳಲಿಲ್ಲ. ಎರಡೂ ಕಡೆಯ ಶಾಸಕರಿಗೆ ಪತ್ರ ಬರೆದೆ. ನೀವಿಬ್ಬರೂ ಆರಿಸಿ ಬಂದವರು, ಹೊಳೆಯ ದಂಡೆಯಲ್ಲಿ ಒಂದು ತಾಸು ಕೂತು ಮಾತಾಡಿ ಅಂತ. ಆಚೆಯವರಿಂದ ಉತ್ತರ ಬರಲಿಲ್ಲ. ಈಚೆಯವರು ಕಾಗಲದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಭುಜದ ಮೇಲೆ ಕೈ ಹಾಕಿದರು. ‘ಪೋರಾ, ಗಡಿಯ ವಾದ ಇಷ್ಟು ಕಾದಿರುವಾಗ ನಾನು ಅವರ ಜೊತೆ ಕೂತರೆ, ಸೋತು ಕೂತ ಅಂತ ನನ್ನ ಜನವೇ ಅನ್ನುತ್ತಾರೆ’ ಅಂದರು. ಸುಳ್ಳು ಹೇಳಲಿಲ್ಲ ಅವರು. ಕೊನೆಗೆ ಆ ದೂರದ ದೇಶದ ವಿಳಾಸಕ್ಕೂ ಬರೆದೆ. ಎಲ್ಲವನ್ನೂ ಬರೆದೆ. ಎರಡು ಪುಟ, ನಾಲ್ಕು ಬೆರಳು.

ಎರಡನೆಯ ವಾರ ಒಂದು ಬೆಳಿಗ್ಗೆ ಮಳೆ ಸಣ್ಣದಾಗಿತ್ತು. ಹೊಳೆಯೂ ಸ್ವಲ್ಪ ಇಳಿದಿತ್ತು. ಗಡಿಕಲ್ಲಿನ ಹತ್ತಿರ ಯಾರೋ ಕೂತಿದ್ದಾರೆ ಅಂತ ದನ ಕಾಯುವವರು ಓಡಿಬಂದು ಹೇಳಿದರು. ಹೋಗಿ ನೋಡಿದರೆ ಸಿದಗೌಡಜ್ಜ. ಊರಿನವರ ಮಾತು ಮೀರಿ ಬಂದಿದ್ದರು. ನೆನೆದ ಕಂಬಳಿ ಹಾಸಿ, ಅರ್ಧ ನಮ್ಮ ಕಡೆ ಚಾಚಿ, ತಮ್ಮ ಅರ್ಧದಲ್ಲಿ ಒಬ್ಬರೇ ಕೂತಿದ್ದರು.

‘ಪಾಟೀಲಗ ಬಾ ಅನ್ನೋ ತಮ್ಮಾ. ಇವತ್ತ ಏಳೂದಿಲ್ಲ ನಾ. ಅವರ ಹಿರ್ಯಾ ಬಂದು ಕುಂತಾನ ಅಂದ್ರ ನಮ್ಮ ಹುಡುಗ್ರ ಕೈಲೆ ನಾ ಮುಳ್ಳ ತಗಸ್ತೇನಿ.’

ನಾನು ಓಡಿದೆ. ಪಾಟೀಲರು ಜೋಕಾಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲ ಕೇಳಿ ಒಳಗೆ ಹೋಗಿ ಒಂದು ಕಾಗದ ತಂದರು. ನಾನು ಟೈಪ್ ಮಾಡಿದ ಠರಾವು.

‘ಠರಾವ ಪಾಸ್ ಝಾಲಾ ಕೀ ರೇ! ಪಾಸಾದ ಮಾತಿಗಿ ಮತ್ತ ಹೋಗಿ ಕುಂತ್ರ ಅದರ ಬೆಲಿ ಏನ ಉಳೀತು? ನಾವು ಗೆದ್ದೇವಿ. ನೀನ ಬರದೀಯಲ್ಲ ಇದರಾಗ.’

‘ಅದನ್ನ ಹರದ ಒಗೀರಿ ಪಾ ಪಾಟೀಲರ.’

‘ಹರೀತಾರೇನ? ಸರಕಾರಿ ಕಾಗದ ಇದ್ದಾಂಗ ಐತಿ.’

ಅವರಿಗೆ ಅದರ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಆದರೆ ಕೆಳಗಿನ ಏಳು ಸಹಿ ಯಾರವು ಅಂತ ಗೊತ್ತಿತ್ತು. ಉಳಿದ ಆರು ಮೆಂಬರರ ಮನೆಗೂ ಹೋದೆ. ಪಾಟೀಲರು ಬಂದರೆ ಬರುತ್ತೇವೆ ಅಂದರು. ಹಿಂದಿರುಗಿ ಬಂದಾಗ ಕಂಬಳಿಯ ನಮ್ಮ ಅರ್ಧದಲ್ಲಿ ಭರಮಪ್ಪ ಒಬ್ಬನೇ ಕೂತಿದ್ದ. ಊರಿನ ಹಿರಿಯರಿಲ್ಲದೆ ಆ ಕೂಡಿಕೆಗೆ ಬೆಲೆ ಇಲ್ಲ, ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಸಂಜೆಯವರೆಗೆ ಕೂತರು. ಕತ್ತಲಾಗುವ ಮೊದಲು ಅಜ್ಜನ ಮೊಮ್ಮಗ ಬಂದು ಎತ್ತಿಕೊಂಡು ಹೋದ. ಅಜ್ಜ ಜ್ವರ ಬಂದು ಹಾಸಿಗೆ ಹಿಡಿದರು ಅಂತ ಆಮೇಲೆ ಕೇಳಿದೆ.

ಮೂರು ದಿನ ಬಿಟ್ಟು, ಹೊಳೆ ಮತ್ತೆ ಏರಿದ್ದಾಗ, ಮಧ್ಯಾಹ್ನದ ಹೊತ್ತಿಗೆ ಭರಮಪ್ಪ ಹಿಂಡನ್ನು ಹೊಡೆದುಕೊಂಡು ಮೇಲಿನ ತಿರುವಿಗೆ ಹೋದ. ಅಲ್ಲಿ ಪೊಲೀಸರಿಲ್ಲ, ಮುಳ್ಳಿಲ್ಲ. ಯಾಕೆಂದರೆ ಅಲ್ಲಿ ನೀರು ಆಳ, ಸೆಳವು ಜೋರು, ಯಾರೂ ದಾಟುವುದಿಲ್ಲ. ‘ಇಲ್ಲೇ ನಿಂತ್ರೂ ಸಾಯ್ತಾವು’ ಅಂದ. ನಾನೂ ಮಾಯವ್ವನೂ ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ಟಗರಿನ ಕೊರಳು ಹಿಡಿದು ನೀರಿಗಿಳಿದ. ಕುರಿಯ ಗುಣ ಗೊತ್ತಲ್ಲ, ಮುಂದಿನದು ಇಳಿದರೆ ಎಲ್ಲವೂ ಇಳಿಯುತ್ತವೆ. ಗಟ್ಟಿ ಕಾಲಿದ್ದರೆ ಈಜುತ್ತಿದ್ದವೋ ಏನೋ. ಕೊಳೆತ ಕಾಲಿಗೆ ಸೆಳವು ತಡೆಯುವ ಬಲವಿರಲಿಲ್ಲ. ನಡುನೀರಿನಲ್ಲಿ ಸಾಲು ಬಾಗಿತು, ಆಮೇಲೆ ಹರಿಯಿತು. ಬಿಳಿ ಕರಿ ತಲೆಗಳು ಒಂದೊಂದಾಗಿ ತಿರುಗುತ್ತ ಹೋದವು. ಕೂಗಲಿಲ್ಲ ಅವು. ಕುರಿ ನೀರಿನಲ್ಲಿ ಕೂಗುವುದಿಲ್ಲ ಅಂತ ನನಗೆ ಆವತ್ತು ಗೊತ್ತಾಯಿತು.

ಆಚೆಯ ದಂಡೆಯಲ್ಲಿ ಓಡಿಬಂದವರು ಹೊಸಗುಪ್ಪಿಯ ಹುಡುಗರು. ಮುಳ್ಳು ಹಚ್ಚಿದ ಅದೇ ಹುಡುಗರು. ಎದೆಮಟ್ಟದ ನೀರಿಗೆ ಹಾರಿ ಸಿಕ್ಕ ಸಿಕ್ಕ ಕುರಿಯನ್ನು ಎಳೆದು ಹಾಕಿದರು. ಭರಮಪ್ಪನನ್ನೂ ಅವರೇ ಎಳೆದರು. ಒಟ್ಟು ಮೂವತ್ತೊಂದು ದಡ ಸೇರಿದವು. ಉಳಿದವುಗಳಲ್ಲಿ ಬಹಳಷ್ಟು ಕೆಳಗೆ ನಮ್ಮ ಮಡುವಿನಲ್ಲೇ ಸಿಕ್ಕಿಕೊಂಡವು. ಊದಿದ ಹೊಟ್ಟೆ ಮೇಲಾಗಿ ನಾಲ್ಕು ದಿನ ತೇಲಿದವು. ಆ ಮಡುವಿನ ನೀರನ್ನು ಆ ವರ್ಷ ಯಾವ ಊರಿನ ದನವೂ ಕುಡಿಯಲಿಲ್ಲ.

ಭರಮಪ್ಪ ತಿರುಗಿ ಬರಲಿಲ್ಲ. ಹೊಸಗುಪ್ಪಿಯವರು ಒಂದು ದನದ ಕೊಟ್ಟಿಗೆ ಬಿಟ್ಟುಕೊಟ್ಟರು. ಹೊಳೆ ಇಳಿದ ಮೇಲೆ ಮಾಯವ್ವನೂ ಗಂಟು ಹೊತ್ತು ದಾಟಿದಳು. ನಾನು ಎದುರಿಗೆ ಸಿಕ್ಕಾಗ, ‘ಉಂಡೀ ಏನ ಬಸು?’ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ದಸರೆಯ ಹೊತ್ತಿಗೆ ವಿದೇಶದ ಲಕೋಟೆ ಬಂತು. ನನ್ನ ಪತ್ರಕ್ಕೆ ಧನ್ಯವಾದ, ಇಂಥ ಸ್ಥಳೀಯ ವಿಷಯದಲ್ಲಿ ತಾವು ಕೈಹಾಕಲಾಗದು, ಜೊತೆಗೆ ಇನ್ನೊಂದು ಪುಸ್ತಿಕೆ ಇಟ್ಟಿದ್ದೇವೆ ಅಂತ. ಬೇಜಾರಿನಿಂದಲೇ ಓದಿದೆ. ಅದರ ನಡುವೆ ಒಂದು ಮಾತಿತ್ತು: ಈ ಕೂಟದ ತೀರ್ಮಾನ ಯಾವ ದೇಶವನ್ನೂ ಕಟ್ಟುವುದಿಲ್ಲ, ಸದಸ್ಯರು ಅದನ್ನು ತಮ್ಮ ತಮ್ಮ ಸಂಸತ್ತಿಗೆ ಒಯ್ದು ತಮ್ಮ ಜನರನ್ನು ಒಪ್ಪಿಸಬೇಕು. ಹಳೆಯ ಪುಸ್ತಿಕೆ ತೆಗೆದು ನೋಡಿದೆ. ಅದೇ ಮಾತು ಅಲ್ಲಿಯೂ ಇತ್ತು. ಅದರ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಾನೇ ಪೆನ್ಸಿಲ್ ಗೆರೆ ಎಳೆದಿದ್ದೆ. ಕುರ್ಚಿ, ಸರದಿ, ಮತ, ಬಹುಮತ, ಇವಕ್ಕೆಲ್ಲ ಗೆರೆ ಇತ್ತು. ಇದೊಂದನ್ನು ಹಾರಿಸಿ ಓದಿದ್ದೆ. ಒಂದು ಮನೆಯೊಳಗೆ ಕೈ ಎತ್ತಿಸಬಹುದು, ಸೋತವನಿಗೂ ಅದೇ ಮನೆ, ನಾಳೆ ಅವನೂ ಗೆದ್ದಾನು. ಎರಡು ಮನೆಗಳ ನಡುವೆ ಕೈ ಎಣಿಸಿದರೆ ಅದು ಮಾತುಕತೆಯಲ್ಲ, ದಾಳಿ. ದೊಡ್ಡ ದೇಶಗಳ ಸದಸ್ಯರು ಇದನ್ನು ತಿಳಿದೇ ಕೂಡುತ್ತಾರೆ. ಕಂಬಳಿ ಹಾಸಿದವರು ಪುಸ್ತಕವಿಲ್ಲದೆ ತಿಳಿದಿದ್ದರು. ನಡುವೆ ಅರ್ಧ ಓದಿದ ನಾನಿದ್ದೆ.

ಇಷ್ಟೆಲ್ಲ ಆದರೂ ಅಂಥ ಕೂಟಗಳ ಮೇಲಿನ ನನ್ನ ನಂಬಿಕೆ ಹೋಗಿಲ್ಲ. ದಿಲ್ಲಿಯಲ್ಲಿ ಅವರು ಸೇರಲಿ. ಗಂಟೆ ದೂರ ಇಟ್ಟುಕೊಳ್ಳಲಿ. ಯಾರ ಕುರಿಯೋ ಅವನನ್ನು ಒಳಗೆ ಕೂಡಿಸಿಕೊಳ್ಳಲಿ.

ಆ ಮಳೆಗಾಲದ ಮುಂದಿನ ಚಳಿಗಾಲದ ಕೊನೆಗೆ ದೇಶಕ್ಕೆಲ್ಲ ಚುನಾವಣೆ ಬಂತು. ನಾಗರಹಟ್ಟಿಯ ಮತಗಟ್ಟೆ ಅದೇ ಶಾಲೆಯಲ್ಲಿ. ಮತದಾರರ ಯಾದಿಯಲ್ಲಿ ಹೆಸರು ಹುಡುಕಿಕೊಡಲು ನಾನು ಬಾಗಿಲ ಹತ್ತಿರ ಕೂತಿದ್ದೆ. ಹೊತ್ತು ಏರಿದ ಮೇಲೆ ಭರಮಪ್ಪ ಬಂದ. ಹೊಳೆ ದಾಟಿ, ಒಗೆದ ರುಮಾಲು ಸುತ್ತಿಕೊಂಡು. ಯಾವ ಚುನಾವಣೆಯನ್ನೂ ಅವನು ತಪ್ಪಿಸಿದವನಲ್ಲ. ಅವನ ಹೆಸರು ಇನ್ನೂ ನಮ್ಮ ಯಾದಿಯಲ್ಲೇ ಇತ್ತು. ನಾನು ಚೀಟಿ ಬರೆದುಕೊಟ್ಟೆ.

ಒಳಗೆ ಪಾಟೀಲರ ಕಡೆಯ ಏಜೆಂಟ ಎದ್ದು ನಿಂತ. ‘ಸಾಹೇಬ, ಈ ಮನಶಾ ಆ ರಾಜ್ಯದಾಗ ಇರತಾನ. ಇವಗ ಇಲ್ಲಿ ಮತ ಇಲ್ಲ.’

ಇನ್ನೊಬ್ಬ ಏಜೆಂಟ, ‘ಯಾದಿ ಒಳಗ ಹೆಸರ ಐತಿ, ಹಾಕಲಿ’ ಅಂದ. ಮಾತು ಏರಿತು. ಮತಗಟ್ಟೆಯ ಅಧಿಕಾರಿ ನನ್ನ ಕಡೆ ತಿರುಗಿದರು. ‘ನೀವು ಇವರನ್ನು ಬಲ್ಲಿರಾ? ಇವರು ಈ ಊರಲ್ಲೇ ಇದ್ದಾರಾ?’

‘ಹೌದ್ರಿ, ಇಲ್ಲೇ ಅದಾರ,’ ಅಂದೆ. ನನ್ನ ಬದುಕಿನಲ್ಲಿ ನಾನು ಅಷ್ಟು ಜೋರಾಗಿ ಸುಳ್ಳು ಹೇಳಿದ್ದು ಅದೊಂದೇ ಸಲ.

ಅಧಿಕಾರಿಗೆ ಸಮಾಧಾನವಾಗಲಿಲ್ಲ. ಒಳ್ಳೆಯ ಮನುಷ್ಯ ಅವರು. ಭರಮಪ್ಪನನ್ನೇ ಕೇಳಿದರು. ‘ನೀವೇ ಹೇಳಿ ಹಿರಿಯರೇ. ನೀವು ಎಲ್ಲಿಯವರು?’

ಭರಮಪ್ಪ ನನ್ನನ್ನು ನೋಡಿದ. ಗೋಡೆಯ ಹತ್ತಿರ ಜೋಡಿಸಿಟ್ಟಿದ್ದ ಕುರ್ಚಿಗಳನ್ನು ನೋಡಿದ. ಆ ಕೋಣೆಯಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

‘ಇಲ್ರಿ ಸಾಹೇಬ್ರ,’ ಅಂದ. ‘ಹುಡುಗ ಸುಳ್ಳ ಹೇಳಾಕತ್ತೈತಿ. ನಾ ಈ ಊರಾಂವ ಅಲ್ಲ.’

ಚೀಟಿಯನ್ನು ಮೇಜಿನ ಮೇಲಿಟ್ಟು, ಅಧಿಕಾರಿಗೆ ಕೈ ಮುಗಿದು, ಹೊಳೆಯ ಕಡೆ ಹೋದ. ಹೊಸಗುಪ್ಪಿಯ ಯಾದಿಯಲ್ಲಿ ಅವನ ಹೆಸರು ಇನ್ನೂ ಏರಿರಲಿಲ್ಲ. ಆ ಸಲ ದೇಶವೆಲ್ಲ ಪಾರ್ಲಿಮೆಂಟನ್ನು ಆರಿಸಿತು. ಭರಮಪ್ಪ ಮಾಮಾ ಯಾರನ್ನೂ ಆರಿಸಲಿಲ್ಲ.